ವಲ್ಲಿ ಹಾಕದೆ ಹೇಳಿದ ಬೆಲೆ

ನನ್ನ ಮೊದಲ ಲಾರಿಯನ್ನು ನಾನು ಕೊಂಡ ಬಗೆಗೆ ನಮ್ಮ ಬೀಗರ ಮನೆಗಳಲ್ಲಿ ಎರಡು ಕಥೆಗಳು ಓಡಾಡುತ್ತವೆ. ಒಂದರ ಪ್ರಕಾರ ಲಕ್ಷ್ಮೇಶ್ವರದ ವ್ಯಾಪಾರಿಯೊಬ್ಬರು ನನ್ನ ಕಣ್ಣಿಗೆ ಮಣ್ಣೆರಚಿದರು. ಇನ್ನೊಂದರ ಪ್ರಕಾರ ನನಗೆ ಲಾರಿ ಓಡಿಸುವುದು ಗೊತ್ತಿತ್ತೇ ಹೊರತು ಆರಿಸುವುದು ಗೊತ್ತಿರಲಿಲ್ಲ. ಎರಡೂ ನಿಜವಲ್ಲ. ಎರಡನೆಯ ಕಥೆಯನ್ನು ಮೊದಲು ಹೇಳಿದವರು ಯಾರು, ಯಾವ ಮದುವೆಯ ಪಂಕ್ತಿಯಲ್ಲಿ ಕುಳಿತು ಹೇಳಿದರು, ಆಗ ಅವರ ಎಲೆಯ ಮೇಲೆ ಏನು ಬಡಿಸಿತ್ತು ಎಂಬುದೂ ನನಗೆ ನೆನಪಿದೆ. ಅವರು ಈಗ ಬದುಕಿಲ್ಲವಾದ್ದರಿಂದ ಆ ಮಾತನ್ನು ಬಿಡುತ್ತೇನೆ. ನಡೆದುದನ್ನು ನಡೆದ ಕ್ರಮದಲ್ಲಿ ಬರೆದಿಡುವುದಷ್ಟೇ ನನ್ನ ಉದ್ದೇಶ.

ಎಪ್ಪತ್ತರ ದಶಕದ ಮಧ್ಯಭಾಗ. ಹುಟ್ಟೂರು ಕುರ್ತಕೋಟಿಯನ್ನು ಬಿಟ್ಟು ಬೆಟಗೇರಿಯ ಬಾಡಿಗೆಯ ಮನೆಯಲ್ಲಿ ಸಂಸಾರ ಹೂಡಿದ್ದೆ. ಗದಗಿನ ಹತ್ತಿ ವ್ಯಾಪಾರಿಯೊಬ್ಬರ ಹತ್ತಿರ ಡ್ರೈವರನಾಗಿ ಹನ್ನೊಂದು ವರ್ಷ ಕಳೆದಿದ್ದವು. ಅವರನ್ನು ಊರೆಲ್ಲ ಸಾವಕಾರರು ಎನ್ನುತ್ತಿತ್ತು, ನಾನೂ ಹಾಗೆಯೇ ಕರೆಯುತ್ತೇನೆ. ಆ ಹನ್ನೊಂದರಲ್ಲಿ ಒಂಬತ್ತು ವರ್ಷ ಒಂದೇ ಲಾರಿಯನ್ನು ಓಡಿಸಿದೆ. ಮುಂದೆ ಮೂಗು ಚಾಚಿಕೊಂಡ ಹಳೆಯ ಮಾದರಿಯ ಗಾಡಿ ಅದು. ಅದರ ಒಂದೊಂದು ಬೋಲ್ಟೂ ನನಗೆ ಪರಿಚಯವಿತ್ತು. ಎಡಕ್ಕೆ ತಿರುಗುವಾಗ ಯಾವ ಸದ್ದು ಮಾಡುತ್ತದೆ, ಬೆಳಗಿನ ಚಳಿಯಲ್ಲಿ ಎಷ್ಟು ಹೊತ್ತಿಗೆ ಹೊಗೆ ತಿಳಿಯಾಗುತ್ತದೆ ಎಂಬುದನ್ನು ಕಣ್ಣು ಮುಚ್ಚಿ ಹೇಳಬಲ್ಲವನಾಗಿದ್ದೆ.

ಆ ವರ್ಷ ಸ್ವಂತದ್ದೊಂದು ಲಾರಿಯನ್ನು ಕೊಂಡು ನಾನೇ ಮಾಲಕ, ನಾನೇ ಡ್ರೈವರ್ ಆಗುವುದೆಂದು ನಿಶ್ಚಯಿಸಿದೆ. ಹಣ ಎಲ್ಲಿಂದ ಹೊಂದಿತೆಂಬುದು ಇಲ್ಲಿ ಮುಖ್ಯವಲ್ಲ. ಒಂದು ಹಳೆಯ ಗಾಡಿಗೆ ಮಾತ್ರ ಹೊಂದಿತ್ತು, ಎರಡನೆಯ ಸಲಕ್ಕೆ ಹೊಂದುವ ಹಾಗಿರಲಿಲ್ಲ ಎಂಬುದಷ್ಟೇ ಮುಖ್ಯ. ಆಯ್ಕೆ ತಪ್ಪಿದರೆ ನಾನು ತಿರುಗಿ ಸಾವಕಾರರ ಗೋದಾಮಿನ ಬಾಗಿಲಿಗೆ ಹೋಗಿ, ಚಾವಿಗಾಗಿ ಕೈಯೊಡ್ಡಿ ನಿಲ್ಲಬೇಕಾಗಿತ್ತು. ಹನ್ನೊಂದು ವರ್ಷ ಪ್ರತಿ ಬೆಳಗ್ಗೆ ಹಾಗೆ ನಿಂತಿದ್ದೆ. ಚಾವಿಯನ್ನು ಅವರು ಎಂದೂ ಕೈಗೆ ಕೊಡುತ್ತಿರಲಿಲ್ಲ. ಕಟ್ಟೆಯ ಮೇಲೆ ಎಸೆಯುತ್ತಿದ್ದರು. ಕೆಲವು ದಿನ ಅದು ಜಾರಿ ಕೆಳಗೆ ಬೀಳುತ್ತಿತ್ತು.

ಅದೇ ಕಾಲಕ್ಕೆ ಸಾವಕಾರರು ಚಪ್ಪಟೆ ಮುಖದ ಹೊಸ ಗಾಡಿಯೊಂದನ್ನು ತರಿಸುವವರಿದ್ದರು. ಹಳೆಯದನ್ನು ಮಾರಬೇಕೆಂದಿದ್ದರು. ನಾನು ಓಡಿಸುತ್ತಿದ್ದ ಗಾಡಿಯೇ ಅದು. ಅದನ್ನು ಕೊಳ್ಳುವುದು ಸಹಜವೆಂದು ಯಾರಿಗಾದರೂ ತೋರುತ್ತಿತ್ತು, ನನಗೂ ತೋರಿತ್ತು. ಒಂದು ದಿನ ಗೋದಾಮಿಗೆ ಹೊಂದಿಕೊಂಡಿದ್ದ ಅವರ ಅಂಗಡಿಗೆ ಹೋಗಿ ಕೇಳಿದೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ಗದಗಿನ ಪೇಟೆಯಲ್ಲಿ ಹತ್ತಿಯಾಗಲಿ, ಶೇಂಗಾ ಆಗಲಿ, ಎತ್ತಾಗಲಿ, ದೊಡ್ಡ ವ್ಯವಹಾರದ ಬೆಲೆಯನ್ನು ಬಾಯಿಂದ ಆಡುತ್ತಿರಲಿಲ್ಲ. ಮಾರುವವನು ಹೆಗಲ ಮೇಲಿನ ವಲ್ಲಿಯನ್ನು, ಅಂದರೆ ಹೆಗಲವಸ್ತ್ರವನ್ನು, ತನ್ನ ಅಂಗೈಯ ಮೇಲೆ ಹಾಸಿ ಕೈ ಚಾಚುತ್ತಿದ್ದ. ಕೊಳ್ಳುವವನು ಅದರ ಕೆಳಗೆ ಕೈಯಿಟ್ಟು ಬೆರಳುಗಳನ್ನು ಹಿಡಿಯುತ್ತಿದ್ದ. ಯಾವ ಬೆರಳು ಹಿಡಿದರೆ ಎಷ್ಟು, ಎಲ್ಲಿ ಒತ್ತಿದರೆ ಎಷ್ಟು ಎಂಬುದು ಇಬ್ಬರಿಗೂ ಗೊತ್ತು. ಸುತ್ತ ನಿಂತವರಿಗೆ ವಲ್ಲಿ ಅಲುಗುವುದಷ್ಟೇ ಕಾಣುತ್ತಿತ್ತು. ಬೆಲೆ ಅವರಿಬ್ಬರ ನಡುವೆಯೇ ಉಳಿಯುತ್ತಿತ್ತು. ವಲ್ಲಿ ಹಾಕುವುದೆಂದರೆ ಎದುರಿಗಿರುವವನನ್ನು ವ್ಯವಹಾರಸ್ಥನೆಂದು ಒಪ್ಪಿದ ಹಾಗೆ. ಕೂಲಿಯವನ ಜೊತೆ ಯಾರೂ ವಲ್ಲಿ ಹಾಕುತ್ತಿರಲಿಲ್ಲ. ಕೂಲಿಯನ್ನು ಎಲ್ಲರ ಮುಂದೆ ಬಾಯಿಂದ ಹೇಳುತ್ತಿದ್ದರು.

ನಾನು ಹೋದಾಗ ರೋಣದ ಕಡೆಯ ಒಬ್ಬರು ಅದೇ ಗಾಡಿಯನ್ನು ಕೇಳಿ ಎದ್ದುಹೋಗುತ್ತಿದ್ದರು. ಸಾವಕಾರರು ಅವರಿಗೆ ವಲ್ಲಿ ಹಾಕಿದ್ದನ್ನು ಮೆಟ್ಟಿಲ ಮೇಲಿಂದ ನಾನೇ ನೋಡಿದೆ. ಅಂಗಡಿಯಲ್ಲಿ ಇಬ್ಬರು ದಲಾಲರು, ಗುಮಾಸ್ತರು ಮತ್ತು ಮುಂಡರಗಿಯಿಂದ ಬಂದ ಶೇಂಗಾ ವ್ಯಾಪಾರಿಯೊಬ್ಬರು ಕುಳಿತಿದ್ದರು. ನನಗೆ ಕುಳಿತುಕೊಳ್ಳೆಂದು ಯಾರೂ ಹೇಳಲಿಲ್ಲ. ಗಾಡಿಯನ್ನು ನಾನು ಕೊಳ್ಳುತ್ತೇನೆಂದು ಹೇಳಿ, ಪದ್ಧತಿಯಂತೆ ಬಲಗೈಯನ್ನು ಮುಂದೆ ಚಾಚಿದೆ. ಸಾವಕಾರರ ವಲ್ಲಿ ಅವರ ಹೆಗಲ ಮೇಲೆಯೇ ಇತ್ತು. ಅವರು ಅದನ್ನು ಮುಟ್ಟಲಿಲ್ಲ.

"ಡ್ರೈವರನ ಕೂಡ ವಲ್ಲಿ ಯಾಕ ಬೇಕೋ? ಬಾಯಿಲೆ ಹೇಳಿದ್ರ ಆತು" ಎಂದರು. ಬೆಲೆಯನ್ನು ಎಲ್ಲರಿಗೂ ಕೇಳುವಂತೆ ಹೇಳಿದರು. ಬಳಿಕ ಶೇಂಗಾ ವ್ಯಾಪಾರಿಯ ಕಡೆ ತಿರುಗಿ, "ಒಂಬತ್ತ ವರ್ಷ ನಮ್ಮ ಗಾಡಿ ಹೊಡದಾನ. ಈಗ ನಾವು ಬಿಟ್ಟದ್ದು ಇವಗ ಬೇಕಾಗೇತಿ ನೋಡ್ರಿ" ಎಂದರು.

ಮೊದಲು ನಕ್ಕವರು ಬಾಗಿಲ ಬದಿಯ ದಲಾಲರು. ಗುಮಾಸ್ತರು ನಗಲಿಲ್ಲ, ಅದಕ್ಕಾಗಿ ಅವರಿಗೆ ನಾನು ಕೊನೆಯವರೆಗೂ ನಮಸ್ಕಾರ ಮಾಡಿದೆ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಜೇಬಿನಿಂದ ಚಾವಿ ತೆಗೆದು ಕಟ್ಟೆಯ ಮೇಲಿಟ್ಟೆ. ಎಸೆಯಲಿಲ್ಲ. "ಚಾವಿ ಇಲ್ಲೈತ್ರಿ" ಎಂದಷ್ಟೇ ಹೇಳಿ ಮೆಟ್ಟಿಲಿಳಿದೆ. ಬೆಲೆ ನ್ಯಾಯವಾಗಿತ್ತು. ಅದನ್ನು ಹೇಳದಿದ್ದರೆ ಈ ಬರಹ ಒಂದು ಕಡೆಗೆ ವಾಲುತ್ತದೆ. ಆ ಗಾಡಿಗೆ ಅದಕ್ಕಿಂತ ಹೆಚ್ಚು ಕೊಡುವವರೂ ಇದ್ದರು.

ಮನೆಯಲ್ಲಿ ನಡೆದುದನ್ನು ಹೇಳಿದಾಗ ನನ್ನ ಹೆಂಡತಿ ಜೋಳ ಹಸನು ಮಾಡುತ್ತಿದ್ದಳು. ಮೊರವನ್ನು ಕೆಳಗಿಡದೆ, "ಅವರು ಅಂದದ್ದು ತಪ್ಪ ಅನ್ರಿ. ಗಾಡಿ ಏನ್ ತಪ್ಪ ಮಾಡೇತಿ?" ಎಂದು ಕೇಳಿದಳು. ನಾನು ಅಂಗಿ ಕಳಚಿ ಗೂಟಕ್ಕೆ ಹಾಕಿದೆ. ಅವಳು ಎರಡನೆಯ ಸಲ ಕೇಳಲಿಲ್ಲ.

ಮರುದಿನದಿಂದ ನಾನು ಬೇರೆ ಲಾರಿ ಹುಡುಕತೊಡಗಿದೆ. ಬೆಟಗೇರಿಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಒಬ್ಬ ವಯಸ್ಸಾದ ಮುಸ್ಲಿಂ ಮಿಸ್ತ್ರಿ ಇದ್ದರು. ಇಂಜಿನ್ನಿಗೆ ಕಟ್ಟಿಗೆಯ ತುಂಡೊಂದನ್ನು ಆನಿಸಿ, ಅದರ ಇನ್ನೊಂದು ತುದಿಯನ್ನು ಕಿವಿಗೆ ಹಚ್ಚಿ ಒಳಗಿನ ಬೇನೆ ಹೇಳುತ್ತಿದ್ದರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಹಳೆಯ ಗಾಡಿಯಲ್ಲಿ ಏನೇನು ನೋಡಬೇಕೆಂದು ಅವರ ಹತ್ತಿರ ಕುಳಿತು ಕೇಳಿ, ಒಂದು ನೋಟ್ ಬುಕ್ಕಿನಲ್ಲಿ ಬರೆದುಕೊಂಡೆ. ಮೊದಲ ಚಾಲೂ ನನ್ನ ಕೈಯಿಂದಲೇ ಆಗಬೇಕು, ಇಂಜಿನ್ ಪೂರ್ತಿ ತಣ್ಣಗಿರುವಾಗ ಆಗಬೇಕು. ಚಾಸಿಯ, ಅಂದರೆ ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟಿನ, ಉದ್ದಕ್ಕೂ ಸ್ಪ್ಯಾನರಿನಿಂದ ಬಡಿಯುತ್ತ ಹೋಗಬೇಕು. ಬೆಸುಗೆ ಹಾಕಿದ ಕಡೆ ಸದ್ದು ಮಂದವಾಗುತ್ತದೆ. ಮುಂದಿನ ಟೈರು ಒಂದೇ ಬದಿಗೆ ಸವೆದಿದ್ದರೆ ಯಾಕೆಂದು ಕೇಳಬೇಕು, ಉತ್ತರ ಬೇಗ ಬಂದರೆ ನಂಬಬಾರದು. ಹೀಗೆ ಎರಡು ಪುಟ ತುಂಬಿದ ಮೇಲೆ ನಾನು ಏಳಹೊರಟಾಗ ಅವರು ಕೈಹಿಡಿದು ಕೂರಿಸಿದರು.

"ಎಲ್ಲಾರೂ ಏರಿನ್ಯಾಗ ಎಳಿಸಿ ನೋಡಿ ಬರ್ತಾರ, ತಮ್ಮಾ. ನೀ ಇಳಕಲಕ್ಕ ಒಯ್ದು, ಗೇರಿನ್ಯಾಗ ಇಟ್ಟು, ಆಕ್ಸಿಲೇಟರ್ ಮ್ಯಾಗಿನ ಕಾಲ ತಗದು ನೋಡು. ಲಿವರ್ ತಾನ ಹೊರಗ ಹಾರ್ತಂದ್ರ ಒಳಗಿನ ಹಲ್ಲ ಸವದಾವಂತ ತಿಳಿ."

ಅದನ್ನೂ ಬರೆದುಕೊಂಡೆ. ಎರಡನೆಯ ಪುಟದ ಕೊನೆಯ ಸಾಲು ಅದು. ಆ ನೋಟ್ ಬುಕ್ಕು ಈಗಲೂ ನನ್ನ ಹತ್ತಿರ ಇದೆ.

ಮೊದಲು ನೋಡಿದ್ದು ಕೊರ್ಲಹಳ್ಳಿಯ ಗಾಡಿ. ತುಂಗಭದ್ರೆಯ ದಂಡೆಯಿಂದ ಉಸುಕು ಹೇರುತ್ತಿದ್ದ ಗಾಡಿಯದು. ಮೇಲೆ ಹೊಸ ಬಣ್ಣ ಹಚ್ಚಿದ್ದರು. ಕೆಳಗೆ ನುಗ್ಗಿ ಬೆರಳಾಡಿಸಿದರೆ ಅಡ್ಡಪಟ್ಟಿಗಳ ಮೂಲೆಗಳಲ್ಲಿ ಹಸಿ ಉಸುಕು ಕೈಗೆ ಹತ್ತಿತು. ಅದರ ಹಿಂದಿನ ಕಬ್ಬಿಣ ಹಪ್ಪಳದಂತೆ ಏಳುತ್ತಿತ್ತು. ಅದರ ಮಾಲಕ ನಾನು ಅಲ್ಲಿರುವಷ್ಟು ಹೊತ್ತೂ ಬೇವಿನ ನೆರಳಲ್ಲಿ ಹೊರಸಿನ ಮೇಲೆ ಮಲಗಿಯೇ ಮಾತಾಡಿದ. ನಾನು ಬಿಸಿಲಲ್ಲಿ ನಿಂತಿದ್ದೆ. ಗಾಡಿಯನ್ನು ಬಿಟ್ಟದ್ದು ತುಕ್ಕಿಗಾಗಿ. ಹೊರಸಿನ ಸಂಗತಿಯನ್ನು ಬೇರೆಯಾಗಿಯೇ ಇಟ್ಟುಕೊಂಡಿದ್ದೇನೆ. ಎರಡನೆಯದು ಶಿರಹಟ್ಟಿಯಲ್ಲಿತ್ತು. ನಾನು ಹೇಳಿದ ಹೊತ್ತಿಗಿಂತ ಅರ್ಧ ತಾಸು ಮೊದಲೇ ಹೋಗಿ ಬಾನೆಟ್ಟಿನ ಮೇಲೆ ಕೈಯಿಟ್ಟರೆ ಇಂಜಿನ್ ಬೆಚ್ಚಗಿತ್ತು. ಯಾರೋ ಆಗಲೇ ಚಾಲೂ ಮಾಡಿ ಬಂದ್ ಮಾಡಿದ್ದರು. ಚಹಾ ತರಿಸುತ್ತೇವೆಂದರು. ಚಹಾ ಕುಡಿಯದೆ ಬಂದೆ.

ಮೂರನೆಯದು ಲಕ್ಷ್ಮೇಶ್ವರದ್ದು. ಅದರ ಮಾಲಕರು ಎಣ್ಣೆ ಗಾಣದ ವ್ಯಾಪಾರಿ, ನನಗಿಂತ ಹಿರಿಯರು, ಬಿಳಿ ಅಂಗಿ ತೊಟ್ಟ ಶಾಂತ ಸ್ವಭಾವದವರು. ಮೊದಲ ದಿನ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಎದ್ದು ನಿಂತು, "ಬರ್ರಿ ಮಾಲಕರ, ಕುಂಡ್ರಿ" ಎಂದರು. ಖುರ್ಚಿ ಕೊಟ್ಟರು. ಬಸಿಯ ಮೇಲೆ ಕಪ್ಪಿಟ್ಟು ಚಹಾ ತಂದರು. ಮಾಲಕರೆಂದು ನನ್ನನ್ನು ಅಲ್ಲಿಯವರೆಗೆ ಯಾರೂ ಕರೆದಿರಲಿಲ್ಲ. ನಾನು ಇನ್ನೂ ಯಾವುದರ ಮಾಲಕನೂ ಆಗಿರಲಿಲ್ಲ.

ಎಂಟು ದಿನಗಳಲ್ಲಿ ಆ ಗಾಡಿಯನ್ನು ಮೂರು ಸಲ ಹೋಗಿ ನೋಡಿದೆ. ತಣ್ಣಗಿನ ಇಂಜಿನ್ನನ್ನು ನಾನೇ ಚಾಲೂ ಮಾಡಿದೆ. ಎರಡನೆಯ ಹೊಡೆತಕ್ಕೆ ಹಿಡಿಯಿತು. ಚಾಸಿಯನ್ನು ಆ ತುದಿಯಿಂದ ಈ ತುದಿಯವರೆಗೆ ಬಡಿದೆ, ಒಂದೇ ಸ್ವರ. ಅವರೊಮ್ಮೆಯೂ ಅವಸರ ಮಾಡಲಿಲ್ಲ, ಬೇಸರ ತೋರಲಿಲ್ಲ. ಮೂರನೆಯ ಸಲ ಅವರೇ ಗಾಡಿಗೆ ಶೇಂಗಾ ಚೀಲ ತುಂಬಿಸಿ, ಎಳೆಸಿ ನೋಡಿರೆಂದರು. ಹಿಂದಿನ ದಿನ ಮಳೆಯಾಗಿತ್ತು. ಊರ ಹೊರಗಿನ ಎರೆ ಹೊಲದ ದಾರಿಗೆ ಇಳಿಸಿದೆ. ನಮ್ಮ ಕಪ್ಪು ನೆಲ ಹಸಿಯಾದಾಗ ಗಾಲಿಯನ್ನು ಹೇಗೆ ಹಿಡಿಯುತ್ತದೆಂಬುದು ಈ ಕಡೆಯವರಿಗೆಲ್ಲ ಗೊತ್ತು. ನನ್ನ ತಂದೆಯ ಬಂಡಿಯನ್ನು ಅದೇ ನೆಲದಿಂದ ಎತ್ತುಗಳು ಮೊಣಕಾಲೂರಿ ಎಳೆದದ್ದನ್ನು ನೋಡಿ ಬೆಳೆದವನು ನಾನು. ಗಾಡಿ ಕೆಸರಿನಲ್ಲಿ ಕೂತಿತು, ಒಮ್ಮೆ ನಡುಗಿತು, ಎರಡನೆಯ ಗೇರಿನಲ್ಲೇ ಎದ್ದು ಹೊರಗೆ ಬಂತು. ದಾರಿಯ ಬದಿಯಲ್ಲಿ ನಿಂತಿದ್ದ ರೈತರು ತಲೆದೂಗಿದರು. ನಾನೂ ಮನಸ್ಸಿನಲ್ಲಿ ತಲೆದೂಗಿದೆ. ನಮ್ಮ ಬಯಲುನಾಡಿನಲ್ಲಿ ಗಾಡಿಯ ಗುಣವೆಂದರೆ ಎಳೆಯುವ ಗುಣವೇ. ತಡೆಯುವ ಗುಣವನ್ನು ಕೇಳುವವರು ಕಡಿಮೆ.

ನೋಟ್ ಬುಕ್ಕಿನ ಕೊನೆಯ ಸಾಲು ಮಾತ್ರ ಬಾಕಿ ಉಳಿದಿತ್ತು. ಲಕ್ಷ್ಮೇಶ್ವರದ ಸುತ್ತ ಅಂಥ ಇಳಕಲಿಲ್ಲ. ಶಿರಹಟ್ಟಿಯನ್ನು ದಾಟಿ ಮುಂಡರಗಿಯ ಕಡೆ ಹೋಗುವಾಗ ಗುಡ್ಡದ ಸಾಲು ಅಡ್ಡ ಬರುತ್ತದೆ, ಅಲ್ಲಿಯವರೆಗೆ ಒಯ್ಯಬೇಕಾಗಿತ್ತು. ಅಂಗಡಿಗೆ ಹಿಂತಿರುಗಿದ ಮೇಲೆ ಅದನ್ನು ಕೇಳಬೇಕೆಂದು ಬಾಯಿ ತೆರೆಯುವ ಹೊತ್ತಿಗೆ ಅವರು ಎದ್ದುನಿಂತರು. ಊರಿನ ಐದಾರು ವ್ಯಾಪಾರಿಗಳು ಕುಳಿತಿದ್ದರು. ಅವರೆಲ್ಲರ ಎದುರಿಗೆ, ಹೆಗಲ ಮೇಲಿನ ವಲ್ಲಿಯನ್ನು ತೆಗೆದು, ಒಮ್ಮೆ ಜಾಡಿಸಿ, ಅಂಗೈಯ ಮೇಲೆ ಹಾಸಿ ನನ್ನ ಮುಂದೆ ಚಾಚಿದರು.

ಆಗ ಏನಾಯಿತೆಂಬುದನ್ನು ನಾನು ಅನೇಕ ವರ್ಷ ಯೋಚಿಸಿದ್ದೇನೆ. ಮೋಸವೇನೂ ನಡೆಯಲಿಲ್ಲ. ಯಾರೂ ನನ್ನನ್ನು ಅವಸರಪಡಿಸಲಿಲ್ಲ. ಗಾಡಿಯನ್ನು ಇಳಕಲಿಗೆ ಒಯ್ದು ಬರುತ್ತೇನೆ, ಆಮೇಲೆ ವಲ್ಲಿ ಹಾಕೋಣ ಎಂದಿದ್ದರೆ ಅವರು ಒಪ್ಪುತ್ತಿದ್ದರು. ಆದರೆ ಚಾಚಿದ ಕೈ ಎದುರಿಗಿತ್ತು, ಎಲ್ಲರೂ ನೋಡುತ್ತಿದ್ದರು, ಚಾಚಿದ ಕೈಯನ್ನು ಗಾಳಿಯಲ್ಲಿ ಬಿಟ್ಟರೆ ಹೇಗಿರುತ್ತದೆಂಬುದು ನನಗೆ ತಿಳಿದಿತ್ತು. ನನ್ನ ಕೈ ವಲ್ಲಿಯ ಕೆಳಗೆ ಹೋಯಿತು. ಬೆರಳು ಹಿಡಿದೆವು, ಬಿಟ್ಟೆವು, ಮತ್ತೆ ಹಿಡಿದೆವು. ಒಪ್ಪಿಗೆಯಾಯಿತು. ವಲ್ಲಿಯ ಕೆಳಗೆ ಒಪ್ಪಿ ಕೈ ಬಿಟ್ಟ ಮೇಲೆ ಸರಕನ್ನು ಮತ್ತೊಮ್ಮೆ ಪರೀಕ್ಷಿಸಬೇಕೆನ್ನುವುದು ನಮ್ಮಲ್ಲಿ ಇಲ್ಲ. ಹಾಗೆ ಕೇಳಿದರೆ ಎದುರಿನವನ ಕೈ ಸುಳ್ಳು ಹೇಳಿತೆಂದ ಹಾಗಾಗುತ್ತದೆ. ಅಂದೇ ಸಂಜೆಯೊಳಗೆ ಗಾಡಿ ನನ್ನದಾಯಿತು.

ಮೊದಲ ಬಾಡಿಗೆ ಶಿರಹಟ್ಟಿಯಿಂದ ಮುಂಡರಗಿಗೆ ಸಿಕ್ಕಿತು, ಶೇಂಗಾ ಚೀಲ. ಹಾಡಹಗಲು, ಒಣ ರಸ್ತೆ, ನನಗೆ ಪರಿಚಿತ ದಾರಿ. ಗುಡ್ಡದ ಏರನ್ನು ಗಾಡಿ ಹಾಯಾಗಿ ಹತ್ತಿತು. ಇಳಕಲು ಶುರುವಾದಾಗ ಮೂರನೆಯ ಗೇರಿಗೆ ಹಾಕಿ ಕಾಲು ತೆಗೆದೆ. ಹತ್ತು ಮಾರು ಹೋಗುವುದರೊಳಗೆ ಲಿವರು ತಾನೇ ಹೊರಗೆ ಹಾರಿತು. ತಡೆಯಿಲ್ಲದೆ ಗಾಡಿ ಓಡತೊಡಗಿತು. ಲಿವರನ್ನು ತಿರುಗಿ ಹಾಕಿ ಎಡಗೈಯಲ್ಲಿ ಬಲವಾಗಿ ಹಿಡಿದೆ. ಅದು ಕೈಯೊಳಗೇ ಗದಗದ ನಡುಗಿತು. ಮುಂದೆ ಮೇವಿನ ಬಂಡಿಯೊಂದು ಹೋಗುತ್ತಿತ್ತು. ಒಂದೇ ಕೈಯಲ್ಲಿ ಸ್ಟೇರಿಂಗು ತಿರುಗಿಸಿ, ಬ್ರೇಕು ಒತ್ತುತ್ತ ಒತ್ತುತ್ತ ಬದಿಯ ಹೊಲದ ಒಡ್ಡಿಗೆ ಗಾಡಿಯನ್ನು ತಾಗಿಸಿ ನಿಲ್ಲಿಸಿದೆ. ಯಾರಿಗೂ ಏನೂ ಆಗಲಿಲ್ಲ. ಒಂದು ಚೀಲವೂ ಒಡೆಯಲಿಲ್ಲ.

ಬಂಡಿಯವನು ಎತ್ತುಗಳನ್ನು ನಿಲ್ಲಿಸಿ ಇಳಿದು ಬಂದ. ಬರುವಾಗಲೇ ಬೈಯಬೇಕೆಂದು ಬಂದಿದ್ದ, ಆದರೆ ನನ್ನ ಮುಖ ನೋಡಿ ಧ್ವನಿ ತಗ್ಗಿಸಿದ.

"ಇಂಥಾ ಗಾಡಿ ಕೊಟ್ಟು ಕಳಿಸ್ಯಾನಲ್ರಿ, ಮಾಲಕ ಯಾರ ಅದಾನ?"

"ನಾನ" ಎಂದೆ.

ಅವನು ಗಾಡಿಯನ್ನೂ ನನ್ನನ್ನೂ ನೋಡಿದ. "ಹಂಗಾರ ಬೈಯಾಕ ಯಾರೂ ಇಲ್ಲದಂಗಾತು" ಎಂದು ಬೀಡಿ ಹಚ್ಚಿ, ನನಗೂ ಒಂದು ಕೊಟ್ಟ.

ಚೀಲಗಳನ್ನು ಒಂದನೆಯ ಗೇರಿನಲ್ಲಿ, ಲಿವರನ್ನು ಹಿಡಿದುಕೊಂಡೇ ಮುಂಡರಗಿಗೆ ಮುಟ್ಟಿಸಿ, ಗಾಡಿಯನ್ನು ನೆಟ್ಟಗೆ ಬೆಟಗೇರಿಗೆ ಒಯ್ದೆ. ಚಾಚಾ ಗೇರ್ ಬಾಕ್ಸಿನ ಎಣ್ಣೆ ಇಳಿಸಿದರು. ಎಣ್ಣೆಯ ಜೊತೆ ಮೆತ್ತಗಿನದೇನೋ ಬಂತು. ಬೆರಳ ನಡುವೆ ತಿಕ್ಕಿ ನನ್ನ ಕಡೆ ಚಾಚಿದರು. ಕಟ್ಟಿಗೆಯ ಹೊಟ್ಟು. ಸವೆದ ಗೇರು ಸದ್ದು ಮಾಡದಿರಲೆಂದು ಎಣ್ಣೆಯಲ್ಲಿ ಹೊಟ್ಟು ಬೆರೆಸುವವರಿದ್ದರು. ಹಾಕಿದವರು ಲಕ್ಷ್ಮೇಶ್ವರದವರೋ, ಅವರಿಗಿಂತ ಮೊದಲಿನ ಮಾಲಕರೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾನು ಬರೆಯುವುದಿಲ್ಲ.

"ಇಳಕಲದಾಗ ಬಿಟ್ಟ ನೋಡಲಿಲ್ಲೇನು?" ಎಂದು ಚಾಚಾ ಕೇಳಿದರು.

ಇಲ್ಲವೆಂದೆ. ಯಾಕೆಂದು ಕೇಳಿದಾಗ ನಡೆದುದನ್ನು ಹೇಳಿದೆ. ಅವರು ಕೈಯನ್ನು ಚಿಂದಿಯಲ್ಲಿ ಒರೆಸಿಕೊಂಡರು. ಆಮೇಲೆ, "ಗಾಡಿ ಎಂಟ ದಿನ ನೋಡಿದಿ, ಅರಬಿ ನೋಡಿ ತಗೊಂಡಿ" ಎಂದರು. ಅರಬಿ ಎಂದರೆ ನಮ್ಮ ಕಡೆ ಬಟ್ಟೆ. ಈ ಮಾತನ್ನು ನಾನು ಅವಮಾನಗಳ ಸಾಲಿಗೆ ಸೇರಿಸಿಲ್ಲ. ಅದು ಸರಿಯಾಗಿತ್ತು.

ಹುಬ್ಬಳ್ಳಿಯಿಂದ ಸಾಮಾನು ಬರಬೇಕಾಗಿತ್ತು. ಒಂದು ತಿಂಗಳಿಗೂ ಹೆಚ್ಚು ಕಾಲ ನನ್ನ ಗಾಡಿ ಗ್ಯಾರೇಜಿನ ಮೂಲೆಯಲ್ಲಿ, ಹೊಟ್ಟೆ ಬಿಚ್ಚಿಕೊಂಡು ನಿಂತಿತು. ನಾನು ದಿನವೂ ಹೋಗಿ ಕುಳಿತು, ಗಾಡಿಯ ಬಿಡಿಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಜೋಡಿಸಿ ಇಡುತ್ತಿದ್ದೆ. ಊರಿನಲ್ಲಿ ಖಬರ ಹರಡಲು ಅಷ್ಟು ಸಾಕಿತ್ತು. ಮನೆಯಲ್ಲಿ ಎರಡು ಹೊತ್ತಿನ ಅಡಿಗೆ ಒಂದು ಹೊತ್ತಿಗೆ ಇಳಿದಿತ್ತು.  

ಒಂದು ಮಧ್ಯಾಹ್ನ ಸಾವಕಾರರ ಹಳೆಯ ಗಾಡಿ ಗ್ಯಾರೇಜಿಗೆ ಬಂತು. ಹೊಸದು ಇನ್ನೂ ಬಂದಿರಲಿಲ್ಲ. ಹಳೆಯದನ್ನು ಬೇರೊಬ್ಬ ಡ್ರೈವರ್ ಓಡಿಸುತ್ತಿದ್ದ. ಸಾವಕಾರರು ಸ್ವತಃ ಪಕ್ಕದ ಸೀಟಿನಲ್ಲಿ ಕುಳಿತು ಬಂದಿದ್ದರು. ಕೆಳಗೆ ಏನೋ ಬಡಿಯುತ್ತದೆ, ಏನೆಂದು ಯಾರಿಗೂ ತಿಳಿಯುತ್ತಿಲ್ಲ ಎಂದರು. ಚಾಚಾ ಒಂದು ಸುತ್ತು ಓಡಿಸಿ ಬಂದು, ನನ್ನ ಕಡೆ ನೋಡಿ ಹುಬ್ಬೆತ್ತಿದರು. ಗಾಡಿ ಗೇಟಿನೊಳಗೆ ತಿರುಗುವಾಗಲೇ ನನಗೆ ಗೊತ್ತಾಗಿತ್ತು. ಹಿಂದಿನ ಗಾಲಿಗಳಿಗೆ ಹೋಗುವ ಶಾಫ್ಟಿನ ನಡುವಿನ ಬೇರಿಂಗಿನ ಬೋಲ್ಟು. ಎರಡು ವರ್ಷಕ್ಕೊಮ್ಮೆ ಸಡಿಲಾಗುತ್ತಿತ್ತು. ಅದನ್ನು ಚಾಚಾಗೆ ಹೇಳಿದೆ. ಅವರು ಸ್ಪ್ಯಾನರು ನನ್ನ ಕೈಗೇ ಕೊಟ್ಟರು.

ನಾನು ಕೆಳಗೆ ನುಗ್ಗಿ ಮಲಗಿದೆ. ಒಂಬತ್ತು ವರ್ಷ ನಾನೇ ಗ್ರೀಸು ತುಂಬಿದ ಜಾಗಗಳು ಒಣಗಿದ್ದವು. ಉಳಿದೆಲ್ಲ ಭದ್ರವಾಗಿತ್ತು. ಚಾಸಿ, ಸ್ಪ್ರಿಂಗಿನ ಪಾಟಾ, ಗೇರ್ ಬಾಕ್ಸು, ಯಾವುದರಲ್ಲೂ ಒಂದು ಕೊರತೆ ಹೇಳುವ ಹಾಗಿರಲಿಲ್ಲ. ನಾನು ನೋಡಿದ ನಾಲ್ಕು ಗಾಡಿಗಳಲ್ಲಿ ಕೊಳ್ಳಬೇಕಾದ ಗಾಡಿ ಅದೇ ಆಗಿತ್ತು. ಬೋಲ್ಟು ಬಿಗಿಮಾಡಿ ಹೊರಗೆ ಬಂದೆ.

ಸಾವಕಾರರು ನನ್ನನ್ನು ನೋಡದೆ, ಚಾಚಾರನ್ನು ನೋಡಿ ಮಾತಾಡಿದರು. "ಮಿಸ್ತ್ರಿ, ಇಲ್ಲಿ ಕುಂತು ಸೀಮೆಣ್ಯಾಗ ಕೈ ತೊಳಕೊಳ್ಳೂದಕಿಂತ ನಾಳಿಂದ ಬಂದು ಗಾಡಿ ಹತ್ತು ಅಂತ ಹೇಳ್ರಿ ಅವಗ. ಚಾವಿ ಕೊಡತೇನಿ."

"ಅವ್ರು ಇಲ್ಲೇ ಅದಾರಲ್ರಿ. ನೀವ ಹೇಳ್ರಿ" ಎಂದರು ಚಾಚಾ. ನನ್ನನ್ನು ಸದಾ ಏಕವಚನದಲ್ಲಿ ಮಾತಾಡಿಸುತ್ತಿದ್ದವರು ಅಂದು 'ಅವ್ರು' ಎಂದರು.

ಸಾವಕಾರರು ಹೇಳಲಿಲ್ಲ. ನಾನು ಕಾದೆ, ಅಷ್ಟು ಅವಕಾಶ ಕೊಡುವುದು ನ್ಯಾಯವೆಂದು ತೋರಿತು. ಮನೆಯ ಒಲೆಯ ನೆನಪೂ ಬಂತು, ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಳಿಕ ನಾನೂ ಚಾಚಾರಿಗೇ ಹೇಳಿದೆ: "ಚಾಚಾ, ನನ್ನ ಗಾಡಿ ಎಂದ ಮುಚ್ಚತೀರಿ ಹೇಳ್ರಿ. ನನಗೂ ಕೆಲಸ ಅದಾವ."

"ಸಾಮಾನ ನಾಳಿ ಬರ್ತೈತಿ. ಗುರುವಾರ ಮುಚ್ಚೂಣು."

ಸಾವಕಾರರು ಗಾಡಿ ಹತ್ತಿದರು. ಗುರುವಾರ ನನ್ನ ಗಾಡಿಯ ಗೇರ್ ಬಾಕ್ಸು ಕೂತಿತು. ಶುಕ್ರವಾರ ಕಳಸಾಪುರದಿಂದ ಉಳ್ಳಾಗಡ್ಡಿ ಹೇರಿದೆ. ಆ ಗಾಡಿಯನ್ನು ಎಂಬತ್ತರ ದಶಕ ಮುಗಿಯುತ್ತ ಬರುವವರೆಗೆ ಓಡಿಸಿದೆ. ಅದು ಎಂದೂ ಒಳ್ಳೆಯ ಗಾಡಿಯಾಗಲಿಲ್ಲ. ಒಂದು ಸರಿಮಾಡಿದರೆ ಇನ್ನೊಂದು ಕೆಡುತ್ತಿತ್ತು. ಸಾವಕಾರರ ಹಳೆಯ ಗಾಡಿಯನ್ನು ಕೊನೆಗೆ ರೋಣದವರು ಕೊಂಡರು. ಅದು ನನ್ನದನ್ನು ಏರಿನಲ್ಲಿ ಹಿಂದೆ ಹಾಕಿ ಹೋದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಸೀಸನ್ನಿನಲ್ಲಿ ಗದಗಿನಲ್ಲಿ ಲಾರಿಗಳ ಕೊರತೆಯಾದಾಗ ಸಾವಕಾರರ ಹತ್ತಿ ಹೇರಲು ನನ್ನನ್ನೂ ಕರೆಯುತ್ತಿದ್ದರು. ಹೋಗುತ್ತಿದ್ದೆ. ಬಾಡಿಗೆಯ ಮಾತಾಡಲು ಅವರು ಗೋದಾಮಿನ ಕಟ್ಟೆಯಿಂದ ಇಳಿದು ಗಾಡಿಯ ಬಾಗಿಲವರೆಗೆ ಬರಬೇಕಾಗುತ್ತಿತ್ತು. ನಾನು ಸ್ಟೇರಿಂಗಿನ ಹಿಂದೆ ಕುಳಿತೇ ಮಾತಾಡುತ್ತಿದ್ದೆ. ಆ ಗೋದಾಮಿನ ಬಾಗಿಲ ಮುಂದೆ ಕೆಳಗಿಳಿದು ಮತ್ತೆಂದೂ ನಿಲ್ಲಲಿಲ್ಲ.